ಅರ್ಚಕರು ಊಟಕ್ಕೆ ಹೋಗಿದ್ದಾರೆ

ಸ್ಟಾಕ್‌ಹೋಮ್ ನಗರದ ಗುಡ್ಡವೊಂದರ ಮೇಲೆ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯವಿದೆ. 1891ರಲ್ಲಿ ಆರ್ತುರ್ ಹಜೇಲಿಯಸ್ ಎಂಬಾತ ಅದನ್ನು ತೆರೆದ. ರೈತರ ಮನೆ, ಚರ್ಚು, ಗಾಳಿಗಿರಣಿ ಎಂದು ಸುಮಾರು 150 ಕಟ್ಟಡಗಳನ್ನು ಸ್ವೀಡನ್ನಿನ ಮೂಲೆಮೂಲೆಗಳಿಂದ ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದ್ದಾರೆ. ಒಳಗೆ ಹಳೆಯ ಕಾಲದ ಉಡುಪು ತೊಟ್ಟ ಸಿಬ್ಬಂದಿ ರೊಟ್ಟಿ ಸುಡುತ್ತಾರೆ, ಗಾಜು ಊದುತ್ತಾರೆ, ಕೇಳಿದ್ದಕ್ಕೆಲ್ಲ ನಗುಮುಖದಿಂದ ಉತ್ತರ ಕೊಡುತ್ತಾರೆ. ಇಷ್ಟನ್ನೂ ನನಗೆ ಹೇಳಿದವಳು ತಂಗಿಯ ಮಗಳು. ಅವಳು ಆ ಊರಿನಲ್ಲೇ ಕೆಲಸದಲ್ಲಿದ್ದಾಳೆ.

ಡಿಸೆಂಬರ್ ರಜೆಗೆ ಹಾಸನಕ್ಕೆ ಬಂದವಳು ಎರಡು ಹೊತ್ತೂ ಸ್ಕಾನ್ಸೆನ್ನಿನ ಗುಣಗಾನ ಮಾಡಿ, ‘ನಮ್ಮಲ್ಲಿ ಇಂಥದ್ದು ಒಂದೂ ಇಲ್ಲವಲ್ಲ’ ಎಂದಾಗ ಸುಮ್ಮನಿರಲಾಗಲಿಲ್ಲ. ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ತಂದು ಮಣಿಪಾಲದಲ್ಲಿ ಮರಳಿ ನಿಲ್ಲಿಸಿದ ವಿಜಯನಾಥ ಶೆಣೈ ಅವರ ಹಸ್ತಶಿಲ್ಪದ ಬಗ್ಗೆ ಹೇಳಿದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದ ಬಗ್ಗೆ ಹೇಳಿದೆ. ಅವಳು ಮೊಬೈಲ್ ತೆಗೆದು ದೂರ ಲೆಕ್ಕ ಹಾಕತೊಡಗಿದಳು. ಅದನ್ನು ಮಡಚಿಸಿ, ‘ಅಷ್ಟು ದೂರ ಯಾಕೆ? ಬಿಚ್ಚದೆ, ಸಾಗಿಸದೆ ಇದ್ದಲ್ಲೇ ಇರುವುದನ್ನು ಮೊದಲು ನೋಡೋಣ ಬಾ. ವೇಷ ಹಾಕಿದವರು ಯಾರೂ ಸಿಗುವುದಿಲ್ಲ. ಸಿಕ್ಕವರು ನಮ್ಮ ದಾರಿ ಕಾಯುತ್ತಲೂ ಇರುವುದಿಲ್ಲ’ ಎಂದೆ.

ಶನಿವಾರ: ದೊಡ್ಡಗದ್ದವಳ್ಳಿ

ಹಾಸನ ಬಿಟ್ಟಾಗ ಹತ್ತು ದಾಟಿತ್ತು. ಅವರೆಕಾಯಿ ಕಾಲ. ಮಾರುಕಟ್ಟೆಯ ಪಕ್ಕದ ರಸ್ತೆಯುದ್ದಕ್ಕೂ ಸೊಗಡಿನ ವಾಸನೆ. ಕಾರಿನ ಗಾಜು ಇಳಿಸಿ ಅದನ್ನು ಕುಡಿಯುತ್ತಾ ಬೇಲೂರು ರಸ್ತೆ ಹಿಡಿದೆವು. ಮುಖ್ಯರಸ್ತೆಯಿಂದ ಒಳಕ್ಕೆ ತಿರುಗಿದರೆ ತೆಂಗಿನ ತೋಟ, ಕೊಯ್ಲಾದ ಗದ್ದೆ, ಆಮೇಲೆ ಕೆರೆ, ಕೆರೆಯ ದಡದಲ್ಲಿ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ. ಬೇಲೂರಿಗೆ ಹೋಗುವ ನೂರು ಕಾರುಗಳಲ್ಲಿ ಐದಾದರೂ ಈ ಕಡೆ ತಿರುಗುತ್ತವೆಯೋ ಇಲ್ಲವೋ. ತಿರುಗದಿರುವುದೇ ಒಳ್ಳೆಯದು ಎಂಬ ಸ್ವಾರ್ಥ ನನಗಿದೆ.

ಆವರಣದ ಒಳಗೆ ಹೋದೆವು, ಆದರೆ ಗುಡಿಗೆ ಬೀಗ. ಎದುರು ಮನೆಯ ಜಗುಲಿಯಲ್ಲಿ ಹೆಂಗಸೊಬ್ಬರು ಅವರೆ ಸುಲಿಯುತ್ತಾ ಕುಳಿತಿದ್ದರು.

‘ಅರ್ಚಕರು ಊಟಕ್ಕೆ ಹೋಗಿದ್ದಾರೆ.’

‘ಎಷ್ಟು ಹೊತ್ತಿಗೆ ಬರುತ್ತಾರೆ?’

‘ಊಟ ಆದ ಮೇಲೆ.’

ತಂಗಿಯ ಮಗಳು ಗಡಿಯಾರ ನೋಡಿಕೊಂಡಳು. ಸ್ಕಾನ್ಸೆನ್ನಿನಲ್ಲಿ ಹೀಗಾದರೆ ದೂರು ಕೊಡಲು ಒಂದು ಪೆಟ್ಟಿಗೆ ಇರುತ್ತದಂತೆ. ನಾನು ಗುಡಿಯ ನೆರಳಿನಲ್ಲಿ ಕುಳಿತೆ. ನಿಜ ಹೇಳಬೇಕೆಂದರೆ ಹೊರಗಿನಿಂದ ನೋಡಲು ಇಂಥ ಬಿಡುವು ಬೇಕೇ ಬೇಕು. ಬಾಗಿಲು ತೆರೆದಿದ್ದರೆ ನೇರ ಒಳಗೆ ಹೋಗಿ ಕೈಮುಗಿದು ಹೊರಟುಬಿಡುತ್ತೇವೆ. ಇಲ್ಲಿ ಹೊಯ್ಸಳ ಎಂದ ಕೂಡಲೇ ಕಣ್ಣಿಗೆ ಬರುವ ಕುಸುರಿ ಕಡಿಮೆ. ಗೋಡೆ ಬಹುಮಟ್ಟಿಗೆ ಸಾದಾ. ಅದಕ್ಕೆ ಬದಲಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಕದಂಬ ನಾಗರ ಶೈಲಿಯ ಶಿಖರಗಳು, ಒಂದರ ಹಿಂದೊಂದು ಇಣುಕುತ್ತಾ ನಿಂತಿರುತ್ತವೆ. ಮುಂಚಾಚಿನ ಮೇಲೆ ಸಿಂಹದೊಡನೆ ಸೆಣಸುವ ಸಳ. ಬೇಲೂರು, ಹಳೇಬೀಡುಗಳೆರಡರಲ್ಲೂ ಮೂಲ ಶಿಖರ ಉಳಿದಿಲ್ಲವಾದ್ದರಿಂದ ಹೊಯ್ಸಳರ ಗುಡಿ ಇಡಿಯಾಗಿ ಹೇಗಿರುತ್ತಿತ್ತು ಎಂದು ನೋಡಬೇಕಾದವರು ಇಂಥ ಹಳ್ಳಿಗಳಿಗೇ ಬರಬೇಕು.

ಅರ್ಚಕರು ಎಲೆಯಡಿಕೆ ಹಾಕಿಕೊಂಡು ನಿಧಾನವಾಗಿ ಬಂದರು. ಕ್ಷಮೆ ಕೇಳಲಿಲ್ಲ, ಅವಸರ ಮಾಡಲಿಲ್ಲ. ‘ಚಪ್ಪಲಿ ಅಲ್ಲೇ ಬಿಡಿ, ನಾಯಿ ಒಯ್ಯುವುದಿಲ್ಲ’ ಎಂದಷ್ಟೇ ಹೇಳಿ ಬೀಗ ತೆಗೆದರು.

ಇದು ಚತುಷ್ಕೂಟ, ಅಂದರೆ ನಾಲ್ಕು ಗರ್ಭಗುಡಿಗಳ ದೇವಾಲಯ. ಹೊಯ್ಸಳರಲ್ಲಿ ಇದು ಅಪರೂಪ. ಲಕ್ಷ್ಮಿಗೆ ಒಂದು, ಕಾಳಿಗೆ ಒಂದು, ಭೂತನಾಥ ಲಿಂಗಕ್ಕೆ ಒಂದು. ಇನ್ನೊಂದರಲ್ಲಿ ಮೂಲಮೂರ್ತಿ ಇಲ್ಲ. ಕಟ್ಟಿಸಿದವನು ಅರಸನಲ್ಲ. ವಿಷ್ಣುವರ್ಧನನ ಕಾಲದ ವರ್ತಕ ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ, 1114ರ ಸುಮಾರಿಗೆ. ಬೇಲೂರಿಗಿಂತ ಇದೇ ಕೊಂಚ ಹಿರಿಯದು. ಹೆಂಡತಿಯ ಹೆಸರನ್ನೂ ಶಾಸನಕ್ಕೆ ಹತ್ತಿಸಿದ ಆ ವರ್ತಕನ ಬಗ್ಗೆ ನನಗೆ ಮೊದಲಿನಿಂದಲೂ ಗೌರವ.

ಕಾಳಿಯ ಗುಡಿಯ ಬಾಗಿಲಲ್ಲಿ ಎರಡು ಬೇತಾಳಗಳಿವೆ. ಬಾಗಿಲ ಎಡಬಲಗಳಲ್ಲಿ ಆಳೆತ್ತರಕ್ಕೆ ನಿಂತಿವೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳುವ ತನಕ ಕಾಣುವುದು ಪಕ್ಕೆಲುಬುಗಳು ಮಾತ್ರ, ಒಂದೊಂದೂ ಬೇರೆಬೇರೆಯಾಗಿ ಕಂಡರಿಸಿದ್ದು. ಆಮೇಲೆ ಬೆನ್ನಿಗೆ ಅಂಟಿದ ಹೊಟ್ಟೆ, ಗುಳಿಬಿದ್ದ ಕಣ್ಣು, ಹಲ್ಲು. ತೊಡೆಯಲ್ಲಿ ಮಾಂಸವಿಲ್ಲ, ಮಂಡಿಚಿಪ್ಪು ಮಾತ್ರ ಗಂಟಾಗಿದೆ. ಚೆಲುವೆಯರನ್ನು ಕಡೆದು ಹೆಸರಾದ ನಾಡಿನಲ್ಲಿ ಯಾರೋ ಒಬ್ಬ ಶಿಲ್ಪಿ ಹಸಿವನ್ನು ಇಷ್ಟು ಹತ್ತಿರದಿಂದ ನೋಡಿ ಕೆತ್ತಿದ್ದಾನೆ. ಕಲ್ಲು ಅದೇ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಒಡ್ಡಿದಂತೆ ಗಟ್ಟಿ. ತಂಗಿಯ ಮಗಳು ಒಂದು ಹೆಜ್ಜೆ ಹಿಂದಕ್ಕಿಟ್ಟಳು. ‘ಊರಿನ ಮಕ್ಕಳು ಹೆದರುವುದಿಲ್ಲ. ಹುಟ್ಟಿದಾಗಿನಿಂದ ನೋಡುತ್ತಾರಲ್ಲ’ ಎಂದರು ಅರ್ಚಕರು, ಮಂಗಳಾರತಿ ತಟ್ಟೆಗೆ ಕರ್ಪೂರ ಹಾಕುತ್ತಾ.

2020ರ ನವೆಂಬರ್‌ನಲ್ಲಿ ಇದೇ ಗುಡಿಯ ಕಾಳಿಯ ವಿಗ್ರಹ ಒಡೆದುಬಿದ್ದಿರುವುದು ಕಂಡುಬಂದು ಜಿಲ್ಲೆಯೆಲ್ಲ ತಲ್ಲಣಿಸಿತ್ತು. ಬಯಲಿನ ವಸ್ತುಸಂಗ್ರಹಾಲಯಕ್ಕೆ ಇರುವ ಅಪಾಯ ಇದು; ಗಾಜಿನ ಪೆಟ್ಟಿಗೆಯಲ್ಲಿದ್ದರೆ ಆಗುತ್ತಿರಲಿಲ್ಲ ಎಂದಳು ಅವಳು. ಇಲ್ಲ ಎನ್ನಲು ನನ್ನಲ್ಲಿ ಮಾತಿರಲಿಲ್ಲ.

ಸಂಜೆಗೆ ಬೇಲೂರು. ಬಸ್ ನಿಲ್ದಾಣ, ವಸತಿಗೃಹ, ರಾತ್ರಿಗೆ ಮುದ್ದೆ ಮತ್ತು ಹಿತಕಿದ ಬೇಳೆಯ ಸಾರು. ಸಾರಿನ ಹೊರತು ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ.

ಭಾನುವಾರ: ಬೇಲೂರು, ಹಲ್ಮಿಡಿ, ಹಳೇಬೀಡು

ಧನುರ್ಮಾಸ. ಇನ್ನೂ ಕತ್ತಲಿರುವಾಗಲೇ ಎದ್ದು, ಹೊದ್ದ ಶಾಲು ತೆಗೆಯದೆ ಚೆನ್ನಕೇಶವನ ಗುಡಿಗೆ ಹೋದೆವು. ಗೋಪುರದ ತುದಿ ಮಂಜಿನಲ್ಲಿ ಮುಳುಗಿತ್ತು. ಆ ಹೊತ್ತಿನಲ್ಲಿ ಬೇಲೂರು ಬೇರೆಯೇ ಊರು. ಗೈಡುಗಳಿಲ್ಲ, ಶಾಲೆಯ ಬಸ್ಸುಗಳಿಲ್ಲ. ಅಂಗಳದ ಹಾಸುಗಲ್ಲು ಕಾಲಿಗೆ ಕೊರೆಯುತ್ತದೆ. ಸ್ನಾನ ಮಾಡಿ ಒದ್ದೆ ಕೂದಲಿಗೆ ಗಂಟು ಹಾಕಿಕೊಂಡ ಹೆಂಗಸರು ಬೇಗ ಬೇಗ ಪ್ರದಕ್ಷಿಣೆ ಹಾಕುತ್ತಿರುತ್ತಾರೆ. ಅವರ ಕೈಗೆ ಸಿಗುವಷ್ಟು ದೂರದಲ್ಲೇ ಆನೆಗಳ ಸಾಲು, ಬಳ್ಳಿಯ ಸಾಲು, ಜಾಲಂಧ್ರಗಳೆಂಬ ಕಲ್ಲಿನ ಜಾಲರಿ ಕಿಟಕಿಗಳು. ಒಬ್ಬರೂ ತಲೆಯೆತ್ತಿ ನೋಡುವುದಿಲ್ಲ. ನೋಡಿ ಮುಗಿದಿದೆ ಅವರಿಗೆ, ಚಿಕ್ಕಂದಿನಲ್ಲೇ.

ಒಳಗೆ ಗರ್ಭಗುಡಿಗೆ ತೆರೆ ಎಳೆದಿತ್ತು. ನೈವೇದ್ಯದ ಹೊತ್ತು. ನವರಂಗದಲ್ಲಿ ನಿಂತು ಕಾಯಬೇಕು. ಬೆಂಗಳೂರಿನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಗುಂಪೊಂದು ಚಡಪಡಿಸುತ್ತಿತ್ತು. ‘ಇನ್ನೂ ಎಷ್ಟು ಹೊತ್ತು? ನಾವು ಒಂಬತ್ತಕ್ಕೆ ಹಳೇಬೀಡಿನಲ್ಲಿರಬೇಕು’ ಎಂದು ಅವರಲ್ಲೊಬ್ಬರು ಪರಿಚಾರಕರನ್ನು ಕೇಳಿದರು. ‘ಅವನ ತಿಂಡಿ ಆಗಬೇಕಲ್ಲ’ ಎಂದರು ಪರಿಚಾರಕರು, ತೆರೆಯ ಕಡೆ ಕೈ ತೋರಿಸಿ. ತಂಗಿಯ ಮಗಳು ನಕ್ಕಳು. ಇಲ್ಲಿ ಕಾಯಿಸಿಕೊಳ್ಳುವುದೇ ಟಿಕೆಟ್ಟು ಎಂದು ಅವಳಿಗೆ ನಿನ್ನೆಯ ಬೀಗದಿಂದಲೇ ಅಂದಾಜಾಗಿತ್ತು.

1117ರಲ್ಲಿ ವಿಷ್ಣುವರ್ಧನ ವಿಜಯನಾರಾಯಣ ಎಂದು ಪ್ರತಿಷ್ಠಾಪಿಸಿದ ಮೂರ್ತಿ ಇದು. ಹೊಯ್ಸಳರು ಹೋದರು, ಹದಿನಾಲ್ಕನೆಯ ಶತಮಾನದ ದಾಳಿಯಲ್ಲಿ ಸುಟ್ಟ ಗೋಪುರವನ್ನು 1397ರಲ್ಲಿ ವಿಜಯನಗರದ ಅಧಿಕಾರಿ ಗುಂಡ ಮರಳಿ ಕಟ್ಟಿಸಿದ, ವಿಜಯನಗರವೂ ಹೋಯಿತು. ಬೆಳಗಿನ ತಿಂಡಿ ತಪ್ಪಿಲ್ಲ. ತೆರೆ ಸರಿದಾಗ ದೀಪದ ಬೆಳಕಿಗೆ ನವರಂಗದ ಕಂಬಗಳು ಕೂಡ ಹೊಳೆದವು. ಆಮೇಲೆ ದೊನ್ನೆಯಲ್ಲಿ ಬಿಸಿ ಹುಗ್ಗಿ: ಹೆಸರುಬೇಳೆ, ಮೆಣಸು, ಕೈಬಿಚ್ಚಿ ಸುರಿದ ತುಪ್ಪ. ಆ ಚಳಿಯಲ್ಲಿ ಅದನ್ನು ತಿಂದವರಿಗೆ ಯಾವ ಹೋಟೆಲಿನ ಪೊಂಗಲ್ಲೂ ಮತ್ತೆ ರುಚಿಸದು.

ಬೆಳಕು ಹರಿದ ಮೇಲೆ ಹೊರಗೋಡೆ. ಮದನಿಕೆಯರು ಒಟ್ಟು 42: ಹೊರಗೆ 38, ಒಳಗೆ ನಾಲ್ಕು. ದರ್ಪಣಸುಂದರಿಯ ಮುಂದೆ ಸರದಿ ನಿಲ್ಲುವಷ್ಟು ಜನ ಆಗಲೇ ಸೇರಿದ್ದರು. ನನಗೆ ಇಷ್ಟವಾದ ಜಾಗ ಅದಲ್ಲ. ಒಬ್ಬಳ ತಲೆಯ ಮೇಲಿನ ಬಳ್ಳಿಯಲ್ಲಿ ಹಣ್ಣೊಂದು ತೂಗುತ್ತಿದೆ, ಅದರ ಮೇಲೆ ಒಂದು ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ. ಅಷ್ಟು ಎತ್ತರದಲ್ಲಿ, ಅಷ್ಟು ಚಿಕ್ಕದಾಗಿ, ಯಾರೂ ನೋಡದಿರಬಹುದಾದಲ್ಲಿ. ಶಿಲ್ಪಿಗಳು ಪೀಠಗಳ ಕೆಳಗೆ ಹೆಸರು ಕೊರೆದುಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಶಿವಮೊಗ್ಗದ ಕಡೆಯಿಂದ ಕೆಲಸಕ್ಕೆ ಬಂದ ತಂದೆ ಮಗ ಒಂದೇ ಗೋಡೆಯ ಮೇಲೆ ಪೈಪೋಟಿ ನಡೆಸಿದ್ದಾರೆ.

ಬೇಲೂರಿನ ಬಗ್ಗೆ ಗೈಡುಗಳು ಹೇಳದ ಒಂದು ವಿಷಯವನ್ನು ತಂಗಿಯ ಮಗಳಿಗೆ ಹೇಳಿದೆ. ಹತ್ತೊಂಬತ್ತನೆಯ ಶತಮಾನದ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಾಗಿರುವ ನಂಬಿಕೆ ಇದು. ಚೆನ್ನಕೇಶವ ಆಗಾಗ ಬಾಬಾಬುಡನ್ ಗಿರಿಯಲ್ಲಿರುವ ದೇವಿಯನ್ನು ನೋಡಲು ನಡೆದುಹೋಗುತ್ತಾನೆ. ಅದಕ್ಕೆಂದೇ ಗುಡಿಯಲ್ಲಿ ದೊಡ್ಡ ಜೋಡು. ಅದು ಸವೆದಾಗ ಚನ್ನಗಿರಿ ಮತ್ತು ಬಸವಾಪಟ್ಟಣದ ಚಮ್ಮಾರರಿಗೆ ಕನಸಿನಲ್ಲಿ ಸೂಚನೆಯಾಗುತ್ತದೆ. ಅವರು ಹೊಸ ಜೋಡು ಹೊಲಿದು ತರುತ್ತಾರೆ, ಅದನ್ನು ಒಪ್ಪಿಸಲು ಅವರಿಗೆ ಗುಡಿಯ ಅಂಗಳಕ್ಕೆ ಪ್ರವೇಶ. ಉಳಿದ ದಿನಗಳಲ್ಲಿ ಇರಲಿಲ್ಲ ಎಂಬುದೂ ಅದೇ ಮಾತಿನೊಳಗಿದೆ. ‘ಇದನ್ನೂ ಹೇಳಬೇಕು ಬೋರ್ಡಿನಲ್ಲಿ’ ಎಂದಳು. ಹೇಳಬೇಕು. ಕಲ್ಲಿನ ಬಳೆ ತಿರುಗುತ್ತದೆ ಎಂಬುದನ್ನು ದಿನಕ್ಕೆ ನೂರು ಸಲ ಹೇಳುವುದಕ್ಕಿಂತ ಇದು ದೊಡ್ಡ ಸಂಗತಿ.

ಹಲ್ಮಿಡಿ ಇದೇ ತಾಲ್ಲೂಕಿನ ಸಣ್ಣ ಹಳ್ಳಿ. 1936ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಇಲ್ಲಿನ ವೀರಭದ್ರ ಗುಡಿಯ ಮುಂದಿದ್ದ ಕಲ್ಲನ್ನು ಗುರುತಿಸಿದಾಗ ಕನ್ನಡದ ಬರವಣಿಗೆಯ ಇತಿಹಾಸ ಐದನೆಯ ಶತಮಾನಕ್ಕೆ ಹಿಂದೆ ಸರಿಯಿತು. ಹದಿನಾರು ಸಾಲು. ಕದಂಬ ಕಾಕುಸ್ಥನ ಕಾಲದಲ್ಲಿ ಯುದ್ಧದಲ್ಲಿ ಗೆದ್ದ ವಿಜ ಅರಸನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿಯನ್ನು ಬಾಳ್ಗಳ್ಚಾಗಿ, ಅಂದರೆ ವೀರನ ಕತ್ತಿ ತೊಳೆದು ಕೊಡುವ ದತ್ತಿಯಾಗಿ ಕೊಟ್ಟದ್ದು, ಇದನ್ನು ಅಳಿದವನಿಗೆ ಮಹಾಪಾತಕ ಎಂಬ ಎಚ್ಚರಿಕೆ. ಮೂಲ ಕಲ್ಲು ಮೈಸೂರಿಗೆ ಹೋಗಿದೆ. ಊರಿನಲ್ಲಿ ಮಂಟಪ ಕಟ್ಟಿ ಫೈಬರ್‌ಗ್ಲಾಸಿನ ಪ್ರತಿಕೃತಿ ನಿಲ್ಲಿಸಿದ್ದಾರೆ.

ನಾವು ಹೋದಾಗ ಮಂಟಪದ ಸುತ್ತ ಕ್ರಿಕೆಟ್ ನಡೆದಿತ್ತು. ಹತ್ತಿರ ಹೋಗುತ್ತಿದ್ದಂತೆ ‘ಅಲ್ಲಿ ನಿಲ್ಲಬೇಡಿ, ಚೆಂಡು ಬರುತ್ತದೆ’ ಎಂಬ ಕೂಗು. ಓವರ್ ಮುಗಿಯುವ ತನಕ ಪಕ್ಕಕ್ಕೆ ನಿಂತೆವು. ಆಮೇಲೆ ವಿಕೆಟ್ ಕೀಪರ್ ಹುಡುಗನೇ ಬಂದು ಶಾಸನದ ವಿವರವನ್ನು ಒಂದೇ ಉಸಿರಿನಲ್ಲಿ, ಶಾಲೆಯ ಪದ್ಯದ ರಾಗದಲ್ಲಿ ಒಪ್ಪಿಸಿದ. ಇಸವಿ ಹೇಳಿದ, ಅರಸನ ಹೆಸರು ಹೇಳಿದ. ‘ನಿಜವಾದ ಕಲ್ಲು ನಿಮ್ಮೂರಿಗೆ ವಾಪಸು ಬರಬೇಕೇ?’ ಎಂದು ಕೇಳಿದ್ದಕ್ಕೆ ಒಂದು ಕ್ಷಣ ಯೋಚಿಸಿ, ‘ಬಂದರೆ ಇಲ್ಲಿ ಆಡುವುದಕ್ಕೆ ಬಿಡುವುದಿಲ್ಲ’ ಎಂದು ಸ್ಟಂಪಿನ ಕಡೆ ಓಡಿದ. ಆ ಪ್ರಶ್ನೆಗೆ ವಿದ್ವಾಂಸರು ಕೊಡಬಹುದಾದ ಉತ್ತರಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಇರಲಾರದು.

ಹಳೇಬೀಡು ತಲುಪಿದಾಗ ಮಧ್ಯಾಹ್ನದ ಬಿಸಿಲು. ಭಾನುವಾರ ಬೇರೆ. ವಾಹನ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಉತ್ಸಾಹ ಕರಗಿತು. ಒಳಗೆ ಹೋದರೆ ಕತ್ತರಿಸಿದ ಹುಲ್ಲುಹಾಸು, ಹೂವಿನ ಪಾತಿ, ನಡೆಯಲು ಗುರುತು ಮಾಡಿದ ದಾರಿ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಚ್ಚುಕಟ್ಟು ಇನ್ನಷ್ಟು ಹೆಚ್ಚಿದೆ. ತಂಗಿಯ ಮಗಳಿಗೆ ಇದು ಪರಿಚಿತ ನೆಲ. ‘ಈಗ ಸ್ಕಾನ್ಸೆನ್ ತರಹ ಇದೆ’ ಎಂದಳು, ಮೆಚ್ಚುಗೆಯಿಂದ. ನನಗೆ ಆ ಹುಲ್ಲುಹಾಸಿನ ಮೇಲೆ ಸಿಟ್ಟಿದೆ. ಹೊಯ್ಸಳರ ರಾಜಧಾನಿಯ ನಡುವೆ ಹುಲ್ಲುಹಾಸು ಎಲ್ಲಿಂದ ಬಂತು? ಬೀದಿ, ಅಂಗಡಿ, ಆನೆಲಾಯ, ಧೂಳು ಇದ್ದ ಜಾಗ ಅದು.

ಆದರೆ ಹೊಯ್ಸಳೇಶ್ವರ ಗುಡಿಯ ಗೋಡೆಯ ಮುಂದೆ ನಿಂತರೆ ಸಿಟ್ಟು ಉಳಿಯುವುದಿಲ್ಲ. ಕೆಳಗಿನ ಸಾಲಿನಲ್ಲಿ ಆನೆಗಳು, ಮೇಲೆ ಸಿಂಹ, ಬಳ್ಳಿ, ಕುದುರೆ, ರಾಮಾಯಣ ಮಹಾಭಾರತಗಳ ಕಥಾಪಟ್ಟಿಕೆ, ಮಕರ, ಹಂಸ. ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ 1121ರ ಸುಮಾರಿಗೆ ಆರಂಭಿಸಿದ ಕೆಲಸ ಎಂದೂ ಪೂರ್ತಿಯಾಗಲಿಲ್ಲ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು. ಕುಸುರಿಯ ನಡುವೆ ಅಲ್ಲಲ್ಲಿ ಕಂಡರಿಸದೆ ಬಿಟ್ಟ ಕಲ್ಲುಗಳನ್ನು ಹುಡುಕುವುದು ನನ್ನ ಹಳೆಯ ಚಟ. ನಾಳೆ ಬಂದು ಮುಗಿಸುತ್ತೇನೆ ಎಂದು ಉಳಿ ಕೆಳಗಿಟ್ಟು ಹೋದವನ ಜಾಗ ಅದು.

ಆವರಣದಲ್ಲೇ ಗರುಡರ ಕಂಬವಿದೆ. ಗರುಡರು ಎಂದರೆ ಅರಸನಿಗೆ ಪ್ರಾಣವನ್ನೇ ಮೀಸಲಿಟ್ಟ ಅಂಗರಕ್ಷಕರು. ಇಮ್ಮಡಿ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಕುವರ ಲಕ್ಷ್ಮ ಎಂಬ ದಂಡನಾಯಕ ಹೆಂಡತಿ ಮತ್ತು ಸಂಗಡಿಗರೊಂದಿಗೆ ಪ್ರಾಣ ಬಿಟ್ಟ. ಕಂಬದ ಮೇಲೆ ಕತ್ತಿಯಿಂದ ತಮ್ಮ ಕತ್ತನ್ನು ತಾವೇ ಕೊಯ್ದುಕೊಳ್ಳುವವರ ಚಿತ್ರಗಳಿವೆ. ಅಲ್ಲೇ ಹುಡುಗರ ಗುಂಪೊಂದು ಸೆಲ್ಫಿ ತೆಗೆದುಕೊಂಡು ಹೋಯಿತು. ಅವರನ್ನು ದೂರಿ ಫಲವಿಲ್ಲ. ಕಂಬದ ಮೇಲೆ ಏನಿದೆ ಎಂದು ಅವರಿಗೆ ಹೇಳುವವರು ಯಾರೂ ಅಲ್ಲಿರಲಿಲ್ಲ.

ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯ ಪಕ್ಕದಲ್ಲೇ ಇದೆ. ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ ಶಿಲ್ಪಗಳು, ಪ್ರತಿಯೊಂದಕ್ಕೂ ಒಂದು ಚೀಟಿ. ಕಾಪಾಡಿದ್ದಾರೆ, ಅದಕ್ಕೆ ಋಣಿ. ಆದರೆ ಬೇಗ ಮುಗಿಸಿಬಿಟ್ಟೆವು. ವೀರಗಲ್ಲನ್ನು ಓದಲು ನಾನು ಅವಳಿಗೆ ಕಲಿಸಿದ್ದು ಆಮೇಲೆ, ಹೊರಗಿನ ಹಳ್ಳಿಯೊಂದರ ಬಸ್ ತಂಗುದಾಣದ ಹಿಂದೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ. ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಮುಂದೆ ಅವನು ಕುಳಿತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರ. ಪಕ್ಕದಲ್ಲಿ ಮಾಸ್ತಿಕಲ್ಲು, ಸತಿ ಹೋದವಳ ನೆನಪಿನ ಕಲ್ಲು: ಕಂಬದಿಂದ ಚಾಚಿದ ಬಳೆ ತೊಟ್ಟ ತೋಳು, ಬೆರಳ ನಡುವೆ ನಿಂಬೆಹಣ್ಣು. ಅದಕ್ಕೆ ಅಂದಿನ ಅರಿಸಿನ ಕುಂಕುಮ ಆಗಿತ್ತು. ವೀರಗಲ್ಲಿಗೆ ಯಾರೋ ಸೈಕಲ್ ಒರಗಿಸಿದ್ದರು. ಚೀಟಿ ಇರಲಿಲ್ಲ.

ಸೋಮವಾರ: ಬೆಳವಾಡಿ, ಹಿರೇಮಗಳೂರು

ಹಳೇಬೀಡಿನಿಂದ ಬೆಳವಾಡಿಗೆ ಹೋಗುವ ದಾರಿಯಲ್ಲಿ ಜಿಲ್ಲೆ ಬದಲಾಗುತ್ತದೆ. ಹಾಸನ ಮುಗಿದು ಚಿಕ್ಕಮಗಳೂರು ಶುರು. ದಾರಿಯ ಅರ್ಧ ಭಾಗಕ್ಕೆ ರಾಗಿ ಹಾಸಿತ್ತು. ಕೊಯ್ದ ತೆನೆಯನ್ನು ರಸ್ತೆಗೆ ಹರಡಿ, ಓಡಾಡುವ ವಾಹನಗಳಿಂದಲೇ ಒಕ್ಕಣೆ ಮಾಡಿಸುವ ಪದ್ಧತಿ. ಹಾಗೆ ಮಾಡಬಾರದು ಎಂದು ಪ್ರತಿವರ್ಷ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಪ್ರತಿವರ್ಷ ರಾಗಿ ರಸ್ತೆಗೆ ಬರುತ್ತದೆ. ಹುರುಳಿಯಾದರೆ ಅಪಾಯ ಹೆಚ್ಚು. ಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡು ಕಾರುಗಳು ಹೊತ್ತಿ ಉರಿದದ್ದುಂಟು.

ತಂಗಿಯ ಮಗಳು ಇಳಿದು ವಿಡಿಯೋ ಮಾಡತೊಡಗಿದಳು. ಕೋಲಿನಿಂದ ತೆನೆ ತಿರುವಿಹಾಕುತ್ತಿದ್ದ ಹಿರಿಯರು ಅಷ್ಟು ಹೊತ್ತು ಸುಮ್ಮನಿದ್ದು, ‘ಕಾರು ನಿಲ್ಲಿಸಿದರೆ ಏನು ಬಂತಮ್ಮ? ಮೇಲೆ ಹತ್ತಿಸಿ ನಾಲ್ಕು ಸಲ ಹಿಂದೆ ಮುಂದೆ ಓಡಿಸಿ’ ಎಂದರು. ಓಡಿಸಿದೆ. ರಾಗಿಯ ಮೇಲೆ ಚಕ್ರ ಉರುಳುವ ಸದ್ದು ಮಳೆ ಹಿಡಿದ ಹೆಂಚಿನ ಸದ್ದಿನಂತಿರುತ್ತದೆ. ಅವರ ಹೊಲದಂಚಿನಲ್ಲಿ ಹಳೆಯ ಕಣವಿತ್ತು, ಹುಲ್ಲು ಬೆಳೆದಿತ್ತು. ಬದುವಿನ ಮೇಲೆ ರೋಣಗಲ್ಲು ಮಗುಚಿ ಬಿದ್ದಿತ್ತು. ಮೊದಲು ಕಣ ಕೆತ್ತಿ, ಸಗಣಿ ಸಾರಿಸಿ, ಕಣಪೂಜೆ ಮಾಡಿ, ಎತ್ತು ಕಟ್ಟಿ ಆ ಕಲ್ಲನ್ನು ಉರುಳಿಸುತ್ತಿದ್ದರು. ‘ಎತ್ತು ಎಲ್ಲಿವೆ ಈಗ? ಈ ಕಲ್ಲಿಗೆ ನೊಗ ಕಟ್ಟುವುದು ಹೇಗೆಂದು ನನ್ನ ಮಗನಿಗೇ ಗೊತ್ತಿಲ್ಲ’ ಎಂದರು. ದೂರಿನಂತೆ ಹೇಳಲಿಲ್ಲ. ಕಣ ಕಾಯಲು ರಾತ್ರಿಯೆಲ್ಲ ಚಳಿಯಲ್ಲಿ ಮಲಗಿದವರಿಗೆ ಆ ಕಾಲದ ಬಗ್ಗೆ ನಮಗಿರುವಷ್ಟು ಮೋಹ ಇರುವುದಿಲ್ಲ.

ಬೆಳವಾಡಿಯ ವೀರನಾರಾಯಣ ದೇವಾಲಯದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಇಮ್ಮಡಿ ಬಲ್ಲಾಳನ ಕಾಲದ, 1200ರ ಸುಮಾರಿನ ತ್ರಿಕೂಟ. ಬಾಗಿಲಲ್ಲಿ ಎರಡು ಕಲ್ಲಾನೆಗಳು. ಹೊರಗೋಡೆಯ ಕುಸುರಿಯಲ್ಲಿ ಬೇಲೂರಿಗೆ ಸಾಟಿಯಲ್ಲ, ನಿಜ. ಆದರೆ ಒಳಗಿನ ವಿಸ್ತಾರ ಹೊಯ್ಸಳರ ಬೇರೆ ಗುಡಿಗಳಲ್ಲಿ ಸಿಗುವುದು ಕಷ್ಟ. ವೇಣುಗೋಪಾಲ ಮತ್ತು ಯೋಗಾನರಸಿಂಹ ಅಗಲವಾದ ಮಂಟಪದ ಎರಡು ಬದಿಗಳಲ್ಲಿ ಎದುರುಬದುರು. ಆ ಮಂಟಪ ದಾಟಿ, ಇನ್ನೊಂದು ದಾಟಿ, ಆಳದಲ್ಲಿ ವೀರನಾರಾಯಣ. ತಿರುಗಣೆಯಲ್ಲಿ ಕಡೆದ ಕಂಬ ಎಷ್ಟು ನುಣುಪೆಂದರೆ ಅರ್ಚಕರು ಒಂದರ ಮುಂದೆ ನಿಲ್ಲಿಸಿದಾಗ ನಮ್ಮ ಮುಖ, ನಮ್ಮ ಹಿಂದಿನ ಬಾಗಿಲಿನ ಬೆಳಕು ಎರಡೂ ಕಂಡವು.

ಇಲ್ಲೂ ಕಾಯಬೇಕಾಯಿತು. ಧನುರ್ಮಾಸದ ಪೂಜೆ ಮುಗಿದು, ಊರಿನ ಮನೆಯೊಂದರ ನಾಮಕರಣಕ್ಕೆ ಅರ್ಚಕರು ಹೋಗಿದ್ದರು. ಬಂದವರು ಮಗುವಿನ ಸುದ್ದಿಯಿಂದ ಶುರು ಮಾಡಿ ವೇಣುಗೋಪಾಲನಿಗೆ ಬಂದರು. ‘ಈ ಹಸುಗಳನ್ನು ನೋಡಿ, ಕೊಳಲು ಕೇಳಿ ಕತ್ತು ಎತ್ತಿವೆ. ಗೋಪಿಯರನ್ನು ನೋಡಿ’ ಎನ್ನುತ್ತಾ ದೀಪವನ್ನು ಮೂರ್ತಿಯ ಪಾದದಿಂದ ಮೇಲಕ್ಕೆ ನಿಧಾನವಾಗಿ ಒಯ್ದರು. ದೀಪ ಹೋದಲ್ಲಿ ಮಾತ್ರ ಶಿಲ್ಪ ಹುಟ್ಟುತ್ತಿತ್ತು: ಹಸುವಿನ ಮೂಗು, ಒಂದು ಕೈ, ಬಳ್ಳಿ, ಕೊಳಲು ಹಿಡಿದ ಬೆರಳು, ಕೊನೆಗೆ ಮುಖ. ಯಾವ ವಿದ್ಯುದ್ದೀಪದಲ್ಲೂ ಅದನ್ನು ಹಾಗೆ ನೋಡಲು ಸಾಧ್ಯವಿಲ್ಲ. ಕಡೆದವನಿಗೂ ಎಣ್ಣೆದೀಪವೇ ಲೆಕ್ಕದಲ್ಲಿದ್ದಿರಬೇಕು.

ಊರಿನವರ ಪ್ರಕಾರ ಇದೇ ಮಹಾಭಾರತದ ಏಕಚಕ್ರನಗರ, ಭೀಮ ಬಕಾಸುರನನ್ನು ಕೊಂದ ಜಾಗ. ಒಂದು ಬಂಡಿ ಅನ್ನದ ಕಥೆಯನ್ನು ಅರ್ಚಕರು ಹೇಳುವಾಗ ಅದು ಹೋದ ವರ್ಷ ಪಕ್ಕದ ಬೀದಿಯಲ್ಲಿ ನಡೆದಂತಿತ್ತು.

ಚಿಕ್ಕಮಗಳೂರಿಗೆ ಮಧ್ಯಾಹ್ನ ಸೇರಿದೆವು. ಕಾಫಿ ಮಂಡಳಿಯ ವಸ್ತುಸಂಗ್ರಹಾಲಯಕ್ಕೆ ಹೋಗೋಣ ಎಂದು ನಾನೇ ಹೇಳಿದ್ದೆ. ದಾರಿಯ ಪಕ್ಕದ ಕಣದಲ್ಲಿ ಅರೇಬಿಕಾ ಒಣಗಲು ಹರಡಿದ್ದನ್ನು ಕಂಡ ಮೇಲೆ ಇಬ್ಬರಿಗೂ ಆ ಯೋಚನೆ ಹೋಯಿತು. ಆಳುಗಳು ಸಾಲುಸಾಲಾಗಿ ಕಾಳು ಕೆದಕುತ್ತಿದ್ದರು. ಹುಳಿ ಬೆರೆತ ಸಿಹಿ ವಾಸನೆ. ಮುಂದೆ ಹೋದರೆ ಮೇಸ್ತ್ರಿಯ ದನಿ: ‘ಚಪ್ಪಲಿ ಕಾಲಿನಲ್ಲಿ ಕಣಕ್ಕೆ ಬರಬೇಡಿ.’ ಗುಡಿಯಲ್ಲೂ ಅದೇ ಮಾತು, ಕಾಫಿ ಕಣದಲ್ಲೂ ಅದೇ ಮಾತು.

ಸಂಜೆ ಹಿರೇಮಗಳೂರು. ಈಗ ಅದು ಚಿಕ್ಕಮಗಳೂರಿನ ಒಂದು ಬಡಾವಣೆಯಂತೆ ಆಗಿಬಿಟ್ಟಿದೆ. ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ, ಲಕ್ಷ್ಮಣ ಎಡಕ್ಕೆ. ಬೇರೆಡೆ ಕಾಣುವುದಕ್ಕೆ ತದ್ವಿರುದ್ಧ. ಮದುವೆಯ ದಿನದ ನಿಲುವನ್ನು ತೋರಿಸು ಎಂದು ಪರಶುರಾಮ ಕೇಳಿಕೊಂಡನಂತೆ, ಅದಕ್ಕೆ ಹಾಗೆ. ಹಿರೇಮಗಳೂರು ಕಣ್ಣನ್ ಅವರಿಂದ ನಾಡಿಗೆಲ್ಲ ಗೊತ್ತಾದ ಕನ್ನಡ ಪೂಜೆ ನಡೆಯುವ ಗುಡಿ ಇದು. ಮಂತ್ರ ಕನ್ನಡದಲ್ಲಿ, ಆಶೀರ್ವಾದ ಕನ್ನಡದಲ್ಲಿ. ತಂಗಿಯ ಮಗಳು ಕಣ್ಣು ಮುಚ್ಚಿ ಕೈಮುಗಿದವಳು ಅರ್ಧದಲ್ಲಿ ಕಣ್ಣು ಬಿಟ್ಟು ಕೇಳತೊಡಗಿದಳು. ಅರ್ಥವಾಗುವ ಮಾತಿಗೆ ಕಣ್ಣು ಮುಚ್ಚಿಕೊಂಡಿರುವುದು ಕಷ್ಟ.

ರಾತ್ರಿ ಅಕ್ಕಿರೊಟ್ಟಿ ತಿನ್ನುತ್ತಾ ಜಗಳವಾಯಿತು. ಜಗಳದ ವಸ್ತು ಬದುವಿನ ಮೇಲಿನ ಆ ರೋಣಗಲ್ಲು. ಸ್ಕಾನ್ಸೆನ್ನಿನಲ್ಲಾಗಿದ್ದರೆ ಆ ಕಲ್ಲಿಗೆ ಎತ್ತು ಕಟ್ಟುವುದನ್ನು ಸಂಬಳಕ್ಕಾದರೂ ಒಬ್ಬ ಕಲಿತಿರುತ್ತಿದ್ದ ಎಂದಳು. ಅವನು ತೊಟ್ಟ ಉಡುಪು ವೇಷವೇ ಇರಬಹುದು, ಆದರೆ ಕೈಗೆ ಬಂದ ಕೆಲಸ ವೇಷವಲ್ಲ ಎಂದಳು. ನಿಮ್ಮ ಬಯಲಿನಲ್ಲಿ ದೇವರ ತಿಂಡಿ ತಪ್ಪುವುದಿಲ್ಲ, ಸರಿ. ದೇವರಿಲ್ಲದ ವಸ್ತುಗಳಿಗೆ ಯಾರು ದಿಕ್ಕು? ನಾನು ಹೇಳಿದ್ದು, ರಾಗಿ ಬೆಳೆಯುವವರು ಇದ್ದಾರಲ್ಲ, ಒಕ್ಕಣೆಯ ದಾರಿಯನ್ನು ಅವರೇ ಬದಲಾಯಿಸಿಕೊಂಡಿದ್ದಾರೆ. ಬೆಳೆ ನಿಂತುಹೋಗಿ ಕಲ್ಲು ಮಾತ್ರ ಉರುಳುತ್ತಿದ್ದರೆ ಏನು ಭಾಗ್ಯ ಎಂದು. ಅವಳು ಒಪ್ಪಲಿಲ್ಲ. ರೊಟ್ಟಿಯ ಜೊತೆಗಿದ್ದ ಕಾಯಿಚಟ್ನಿ ಮುಗಿದು ಮತ್ತೆ ಹಾಕಿಸಿಕೊಂಡರೂ ಒಪ್ಪಲಿಲ್ಲ. ಹಿರಿಯರ ಹೊಲ ಯಾವ ಊರಿನದು ಎಂದು ಕೇಳಿಕೊಂಡು ಬರಬೇಕಿತ್ತು, ಎತ್ತು ಇಲ್ಲದಿದ್ದರೂ ನೊಗ ಕಟ್ಟುವುದನ್ನು ಅವರಿಂದ ವಿಡಿಯೋ ಮಾಡಿಕೊಳ್ಳಬಹುದಿತ್ತು ಎಂದು ಬಸ್ ಹತ್ತುವಾಗಲೂ ಹೇಳುತ್ತಿದ್ದಳು.

ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ ಉಳಿಯಿತು. ಹೊಯ್ಸಳರ ಮೂಲ ನೆಲೆ ಸೊಸೆವೂರು ಅದೇ. ಸಳ ಸೆಣಸಿದನೆಂಬ ಕಾಡು ಈಗ ಕಾಫಿ ತೋಟ. ವಾಸಂತಿಕಾ ದೇವಿಗೆ ಇಂದಿಗೂ ಪೂಜೆ ನಡೆಯುತ್ತದೆ, ಪಕ್ಕದಲ್ಲಿ ಹಳೆಯ ಬಸದಿಗಳಿವೆ. ಅವಳಿಗೆ ಯುಗಾದಿಗೆ ರಜೆ ಸಿಕ್ಕರೆ ಅಲ್ಲಿಗೆ. ಹೊರಡುವ ಮುನ್ನ ಗುಡಿಯ ಬಾಗಿಲು ಯಾವಾಗ ತೆರೆದಿರುತ್ತದೆ ಎಂದು ಫೋನ್ ಮಾಡಿ ವಿಚಾರಿಸಬೇಕೆಂದು ಅವಳ ಹಟ. ಯಾರಿಗೆ ಫೋನ್ ಮಾಡುವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ.